ವಾಪಸು ಬಾರದ ತಟ್ಟೆಗಳು

ಗಂಡ ಓರೆಸ್ತೆಸ್ ಸಾಯುವ ಹಿಂದಿನ ದಿನ ಬೆಳಿಗ್ಗೆಯಿಂದ ಎಲ್ಬಿಯಾ ಅವನನ್ನು ಬಯ್ಯುತ್ತಲೇ ಇದ್ದಳು. ಬಯ್ಯಲು ಕಾರಣವಿತ್ತು. ಅಡುಗೆಮನೆಯ ಮೇಜಿನ ಮೇಲೆ, ಮೇಜಿನ ಕೆಳಗೆ, ಬಕೆಟ್ಟಿನಲ್ಲಿ, ಬಟ್ಟೆ ಒಗೆಯುವ ತೊಟ್ಟಿಯಲ್ಲಿ, ಕಾಲಿಟ್ಟಲ್ಲೆಲ್ಲ ಎಳೆಗುಂಬಳ. ಮುಷ್ಟಿ ಗಾತ್ರದ, ದುಂಡಗಿನ, ಹಸಿರು ಕಾಯಿಗಳು. ಜನವರಿ ಅಂದರೆ ಇಲ್ಲಿ ನಡುಬೇಸಿಗೆ, ಆ ಬಿಸಿಲಿಗೆ ಇವತ್ತು ಕೊಯ್ದ ಗಿಡದಲ್ಲಿ ನಾಳೆ ಬೆಳಿಗ್ಗೆ ಮತ್ತೆ ಅಷ್ಟೇ ಇರುತ್ತಿದ್ದವು.

ಬೀಜ ಹಾಕುವಾಗ ಓರೆಸ್ತೆಸ್ ಅದು ಹಳೆಯ ಬೀಜ, ಅರ್ಧಕ್ಕರ್ಧ ಹುಟ್ಟುವುದಿಲ್ಲ ಎಂದುಕೊಂಡು ಒಂದೊಂದು ಗುಳಿಗೂ ಮೂರು ಮೂರು ಹಾಕಿದ್ದ. ಎಲ್ಲವೂ ಹುಟ್ಟಿದವು.

"ಇದನ್ನೆಲ್ಲ ಯಾರು ತಿನ್ನೋದು?" ಎಂದಳು ಎಲ್ಬಿಯಾ.

"ನೀನು ಮಾಡಿ ಹಾಕು ಮುದುಕಿ, ನಾನ್ ತಿಂತೀನಿ."

"ನಿನ್ನೆ ಬೋಂಡ ಮಾಡಿದ್ರೆ ಮುಖ ಗಂಟು ಹಾಕ್ಕೊಂಡೆ."

"ಬೋಂಡಕ್ಕಲ್ಲ ಕಣೆ. ಬೋಂಡ ಚೆನ್ನಾಗೇ ಇತ್ತು. ಅದರ ಜೊತೆಗೆ ನಂಚ್ಕೊಳ್ಳೋಕೆ ಇಟ್ಟಿದ್ದೂ ಕುಂಬಳಾನೇ ಆಗಿತ್ತಲ್ಲ."

"ಮೂರು ಮೂರು ಬೀಜ ಹಾಕಿದ್ದು ನಾನಾ?"

"ಒಂದು ಹುಟ್ಟುತ್ತೆ ಅಂದ್ಕೊಂಡೆ."

"ಅಂದ್ಕೊಂಡ್ರೆ ಮುಗೀತಾ? ಎರಡು ಕಿತ್ತು ಬಿಸಾಕಬೇಕಿತ್ತು."

"ಹೆಂಗೆ ಕೀಳೋದು? ಮೂರೂ ತಲೆ ಎತ್ಕೊಂಡು ನನ್ನೇ ನೋಡ್ತಿದ್ವು."

ಮಾರುಕಟ್ಟೆಯ ಲಾರಿಯವನೂ ಈ ಸಲ ಬೇಡ ಅಂದಿದ್ದ. ಸಾನ್ ಹಸಿಂತೊ ಊರಿನಿಂದ ಹಿಡಿದು ಈ ಮಣ್ಣುರಸ್ತೆಯ ಕೊನೆಯವರೆಗೆ ಎಲ್ಲರ ಹಿತ್ತಲಲ್ಲೂ ಅದೇ ಬೆಳೆ, ಅದೇ ಗೋಳು.

ಮಧ್ಯಾಹ್ನಕ್ಕೆ ಎಲ್ಬಿಯಾ ತಾರ್ತಾ ಮಾಡಿದಳು. ಕುಂಬಳವನ್ನು ತೆಳ್ಳಗೆ ಹೆಚ್ಚಿ ಉಪ್ಪು ಹಾಕಿ ಇಟ್ಟಳು. ಅದು ನೀರು ಬಿಟ್ಟ ಮೇಲೆ ಬಟ್ಟೆಯಲ್ಲಿ ಹಿಂಡಿದಳು. ಈರುಳ್ಳಿ ಬಾಡಿಸಿ, ಕುಂಬಳ ಹಾಕಿ, ಮೊಟ್ಟೆ ಒಡೆದು, ಚೀಸ್ ತುರಿದು ಸೇರಿಸಿದಳು. ತಟ್ಟೆಗೆ ಹಿಟ್ಟಿನ ಹಾಳೆ ಹಾಸಿ, ತಳ ಮೆತ್ತಗಾಗದಿರಲಿ ಎಂದು ಬ್ರೆಡ್ಡಿನ ಪುಡಿ ಉದುರಿಸಿ, ಪಲ್ಯ ತುಂಬಿ, ಮೇಲೊಂದು ಹಾಳೆ ಮುಚ್ಚಿ, ಅಂಚನ್ನು ಬೆರಳಲ್ಲಿ ಮಡಿಚುತ್ತ ಬಂದು ಓವನ್ನಿಗಿಟ್ಟಳು. ಓರೆಸ್ತೆಸ್ ಮೂರು ತುಂಡು ತಿಂದ. ಮಡಿಚಿದ ಅಂಚನ್ನು ಎಂದಿನಂತೆ ಕೊನೆಗೆ ಉಳಿಸಿಕೊಂಡು ಕುರುಕುರು ಕಡಿದ. ಮಲಗಿ ಎದ್ದ. ಸಂಜೆ ಮರದ ಕೆಳಗೆ ಕೂತು ಇಬ್ಬರೂ ಮಾಟೆ ಎಲೆಯ ಬಿಸಿ ಕಷಾಯ ಕುಡಿದರು. ಒಂದೇ ಸೋರೆಬುರುಡೆ, ಹೀರಲು ಒಂದೇ ಕೊಳವೆ, ಅವನೊಮ್ಮೆ ಇವಳೊಮ್ಮೆ. ಸೂರಿನ ದೋಣಿ ಸೋರುತ್ತಿರುವುದರ ಬಗ್ಗೆ ಮಾತಾಡಿದರು. ಬೇರೆ ಏನೂ ಆಡಲಿಲ್ಲ.

ಮರುದಿನ ಬೆಳಿಗ್ಗೆ ಅವನು ಮಂಚದ ಅಂಚಿಗೆ ಕೂತು ಬಟ್ಟೆಚಪ್ಪಲಿ ಹಾಕಿಕೊಳ್ಳುತ್ತಿದ್ದ. ಒಂದು ಕಾಲಿಗೆ ಹಾಕಿಕೊಂಡ. ಇನ್ನೊಂದಕ್ಕೆ ಬಗ್ಗಿದವನು ಹಾಗೇ ಪಕ್ಕಕ್ಕೆ ಒರಗಿದ. ಅಡುಗೆಮನೆಯಿಂದ ಎಲ್ಬಿಯಾ ನೀರು ಕಾದಿದೆ ಎಂದಳು. ಇನ್ನೊಂದು ಸಲ ಎಂದಳು. ಆಮೇಲೆ ಸಿಟ್ಟಿನಿಂದ ಎಂದಳು. ಆಮೇಲೆ ಹೋಗಿ ನೋಡಿದಳು.

ಊರಿಂದ ಡಾಕ್ಟರು ಬಂದರು, ಪಾದ್ರಿ ಬಂದರು, ರಾಜಧಾನಿ ಮೊಂತೆವಿದೆಯೊದಿಂದ ಓರೆಸ್ತೆಸನ ತಮ್ಮ ದಾರ್ದೊ ಬಂದ. ರಸ್ತೆಯ ಜನರೆಲ್ಲ ಬಂದರು. ಹೆಂಗಸರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕಾಫಿ ಕುಡಿಸಿದರು. ಮಣ್ಣು ಮಾಡಿದರು. ದಾರ್ದೊ ನಾಲ್ಕು ದಿನ ಇದ್ದು, ಮನೆಯ ಬೀಗ ಚಿಲಕಗಳನ್ನೆಲ್ಲ ನೋಡಿ, ಬಸ್ಸು ಹತ್ತಿದ. ಮಕ್ಕಳಿರಲಿಲ್ಲ. ಮನೆಯಲ್ಲಿ ಅವಳೊಬ್ಬಳೇ ಉಳಿದಳು.

ಹಿತ್ತಲಿಗೆ ಹೋದರೆ ಎಳೆಗುಂಬಳಗಳು ಮುಷ್ಟಿಯ ಗಾತ್ರ ದಾಟಿ ಮಗುವಿನ ತಲೆಯಷ್ಟಾಗಿದ್ದವು. ಅಷ್ಟು ದಿನ ಯಾರೂ ಕೊಯ್ದಿರಲಿಲ್ಲ. ಬಲಿತ ಕಾಯಿಗಳನ್ನು ಹಾಗೇ ಗಿಡದಲ್ಲಿ ಬಿಟ್ಟರೆ ಗಿಡ ಇನ್ನು ಸಾಕೆಂದು ಹೂ ಬಿಡುವುದನ್ನು ನಿಲ್ಲಿಸುತ್ತದೆ. ಬಿಟ್ಟಿದ್ದರೆ ಪೀಡೆ ಕಳೆಯುತ್ತಿತ್ತು. ಅವಳು ಬಿಡಲಿಲ್ಲ. ಚಾಕು ತಂದು ಕೂತು ಒಂದೊಂದನ್ನೇ ಕೊಯ್ದಳು. ಗಿಡಗಳು ಮತ್ತೆ ಹೂ ಬಿಟ್ಟವು.

ಊಟ ಸೇರುತ್ತಿರಲಿಲ್ಲ. ಮಾಡುವುದಕ್ಕೇನೂ ಬೇಸರವಿರಲಿಲ್ಲ, ಕೈ ತನ್ನಷ್ಟಕ್ಕೆ ಮಾಡುತ್ತಿತ್ತು. ತಟ್ಟೆಗೆ ಹಾಕಿಕೊಂಡು ಮೇಜಿಗೆ ಕೂತರೆ ಎದುರಿನ ಕುರ್ಚಿ ಕಾಣುತ್ತಿತ್ತು. ಕುರ್ಚಿ ತೆಗೆದು ಕೋಣೆಯಲ್ಲಿಟ್ಟಳು. ಆಗ ಕುರ್ಚಿ ಇಲ್ಲದ ಜಾಗ ಕಾಣಿಸಿತು. ಅಲ್ಲಿಂದಾಚೆಗೆ ಪಾತ್ರೆ ತೊಳೆಯುವ ಕಡೆ ನಿಂತು, ಗೋಡೆಗೆ ಮುಖ ಮಾಡಿ, ಬಾಣಲೆಯಿಂದಲೇ ನಾಲ್ಕು ತುತ್ತು ತಿನ್ನುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಒಬ್ಬಳೇ ಕೂತು ಉಂಡಿರಲಿಲ್ಲ. ಬಯ್ಯುವುದಕ್ಕಾದರೂ ಎದುರಿಗೆ ಒಬ್ಬರು ಇರುತ್ತಿದ್ದರು.

ಅವಳಿಗೆ ಬೇಕಾದದ್ದು ಒಂದೇ. ಯಾರಾದರೂ ಬಂದು ಆ ಮೇಜಿನ ಮುಂದೆ ಕೂರಬೇಕು. ಸಮಾಧಾನ ಹೇಳುವುದು ಬೇಡ. ಕೂತು ಒಂದು ತುಂಡು ತಿಂದು ಹೋದರೆ ಸಾಕು. ಆದರೆ ಬಾ ಎಂದು ಯಾರನ್ನಾದರೂ ಕರೆಯಲು ಬಾಯಿ ಬರಲಿಲ್ಲ. ಮನೆಗೆಲಸ ಬಿಟ್ಟು, ಗಂಡ ಮಕ್ಕಳನ್ನು ಬಿಟ್ಟು ಬನ್ನಿ ಎಂದು ಹೇಗೆ ಹೇಳುವುದು?

ಉಪಾಯ ಹೊಳೆದದ್ದು ಸುಲ್ಮಾಳ ಪಾತ್ರೆಯಿಂದ. ಸುಲ್ಮಾ ಎರಡು ಹೊಲದಾಚೆಯ ಮನೆಯವಳು. ಎಲ್ಬಿಯಾಳಿಗಿಂತ ಸ್ವಲ್ಪ ಚಿಕ್ಕವಳು. ಇಬ್ಬರೂ ಒಂದೇ ವರ್ಷ ಈ ರಸ್ತೆಗೆ ಸೊಸೆಯರಾಗಿ ಬಂದವರು. ಸಾವಿನ ಮನೆಗೆಂದು ಅವಳು ಕೋಳಿ ಹಾಕಿದ ಅನ್ನ ತಂದಿಟ್ಟಿದ್ದಳು. ಆ ಪಾತ್ರೆ ವಾಪಸು ಕೊಡಬೇಕಿತ್ತು. ಖಾಲಿ ಕೊಡುವ ಹಾಗಿಲ್ಲ. ಈ ಕಡೆ ಯಾರೂ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಹಾಗೆಯೇ ಬಾಗಿಲಲ್ಲೇ ಕೊಟ್ಟು ತಿರುಗುವುದೂ ಇಲ್ಲ. ತಂದವರು ಒಳಗೆ ಬಂದು ಕೂರಬೇಕು, ಮಾಟೆ ಕುಡಿಯಬೇಕು, ಆಮೇಲೆ ಹೊರಡಬೇಕು. ಎಲ್ಬಿಯಾ ತಾರ್ತಾ ಮಾಡಿ ಆ ಪಾತ್ರೆಗೆ ತುಂಬಿಕೊಂಡು ಹೋದಳು. ಸುಲ್ಮಾಳ ಅಡುಗೆಮನೆಯಲ್ಲಿ ಒಂದು ಗಂಟೆ ಕೂತಳು. ಸುಲ್ಮಾಳ ಗಂಡನ ಮಂಡಿನೋವು, ಸೊಸೆಯ ಸೋಮಾರಿತನ, ಕೋಳಿಗಳು ಸೆಕೆಗೆ ಮೊಟ್ಟೆ ಇಡದಿರುವುದು, ಎಲ್ಲ ಕೇಳಿದಳು. ಅಲ್ಲೇ ಒಂದು ಬಿಸ್ಕತ್ತು ತಿಂದಳು. ಕೂತು ತಿಂದಳು.

ಬರುವ ದಾರಿಯಲ್ಲಿ ಅವಳಿಗೆ ಹೊಳೆಯಿತು. ತನ್ನ ತಟ್ಟೆ ಒಂದು ಮನೆಗೆ ಹೋದರೆ ಆ ಮನೆಯವರು ಅದನ್ನು ತರಲೇಬೇಕು. ತಂದರೆ ಕೂರಲೇಬೇಕು. ಕರೆಯುವುದೇ ಬೇಡ.

ಮರುದಿನದಿಂದ ಓವನ್ ಆರಲಿಲ್ಲ. ನೀಲಿ ಅಂಚಿನ ತಟ್ಟೆಯಲ್ಲಿ ಒಂದು ತಾರ್ತಾ ಮಾಡಿ ಸುಲ್ಮಾಳ ಮನೆಗೆ ಕೊಟ್ಟಳು. ದೊಡ್ಡ ಅಲ್ಯೂಮಿನಿಯಂ ತಟ್ಟೆಯದ್ದು ಲಾರಿಯವನ ಹೆಂಡತಿಗೆ. ಅಮ್ಮ ಕೊಟ್ಟಿದ್ದ ಮಣ್ಣಿನ ತಟ್ಟೆಯಲ್ಲಿ, ಕಾಯಿಗಳ ತಿರುಳು ತೆಗೆದು ಒಳಗೆ ಅನ್ನ, ಖೀಮಾ ತುಂಬಿ ಬೇಯಿಸಿದ್ದನ್ನು ರಸ್ತೆಯ ಕೊನೆಯ ಅಕ್ಕತಂಗಿಯರಿಗೆ. ಕುಂಬಳ ತುರಿದು, ನಿಂಬೆಸಿಪ್ಪೆ, ಸಕ್ಕರೆ, ಎಣ್ಣೆ ಹಾಕಿ ಕೇಕು ಮಾಡಿ, ಅದನ್ನು ಅಚ್ಚಿನ ಸಮೇತ, ಹಂದಿ ಸಾಕುವ ಮುದುಕ ಫ್ರೊಯ್ಲಾನನಿಗೆ. ಓರೆಸ್ತೆಸ್ ಇದ್ದಿದ್ದರೆ ಕುಂಬಳದ ಕೇಕು ನೋಡಿ ಒಂದು ವಾರ ನಗುತ್ತಿದ್ದ. ಬಟ್ಟೆ ಮುಚ್ಚಿದ ತಟ್ಟೆ ಎತ್ತಿಕೊಂಡು ಹಿತ್ತಲ ಬೇಲಿಯ ಸಂದಿಯಲ್ಲಿ ನುಸುಳಿ, ಹೊಲದ ಬದುವಿನ ಮೇಲೆ ನಡೆದು, ಕೊಟ್ಟು, ನಿಲ್ಲದೆ ಬರುತ್ತಿದ್ದಳು. ಕೊಡಲು ಹೋದಲ್ಲಿ ಕೂತರೆ ತಟ್ಟೆ ತಂದಾಗ ಆಡಲು ಅವರಿಗೆ ಮಾತೇ ಉಳಿಯುವುದಿಲ್ಲ ಎಂದು ಅವಳ ಲೆಕ್ಕ.

ಮನೆಗೆ ಬಂದು ಕಾಯುತ್ತಿದ್ದಳು. ಮೇಜು ಒರೆಸಿ, ಕುರ್ಚಿಯನ್ನು ಕೋಣೆಯಿಂದ ಮತ್ತೆ ತಂದು ಇಟ್ಟಿದ್ದಳು. ಬಂದವರು ಗೇಟಿನಾಚೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಗೇಟು ದಾಟಿ ಬಂದು ಬಾಗಿಲು ಬಡಿಯುವುದು ಇಲ್ಲಿನ ಮರ್ಯಾದೆಯಲ್ಲ. ಅವಳ ಕಿವಿ ಆ ಚಪ್ಪಾಳೆಗೇ ನಿಂತಿತ್ತು. ಸೂರಿನ ಮೇಲಿಂದ ಪಾರಿವಾಳಗಳು ಒಮ್ಮೆಗೇ ಎದ್ದರೆ ರೆಕ್ಕೆಯ ಪಟಪಟ ಸದ್ದು ಅಂಗೈ ತಟ್ಟಿದಂತೆಯೇ ಕೇಳಿಸುತ್ತದೆ. ಎಷ್ಟೋ ಸಲ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿ, ಆಕಾಶ ನೋಡಿ, ಒಳಗೆ ಬಂದಳು.

ಯಾರೂ ಬರಲಿಲ್ಲ.

ತಡವಾಗಿರಬೇಕು, ಎಲ್ಲರಿಗೂ ಕೊಯ್ಲಿನ ಸಮಯ ಎಂದುಕೊಂಡಳು. ಮತ್ತೆ ಮಾಡಿದಳು. ಉಳಿದ ತಟ್ಟೆಗಳೂ ಹೋದವು. ಬೇಯಿಸಲು ತಟ್ಟೆಯೇ ಇಲ್ಲವಾದಾಗ ಹಳೆಯ ಪಾತ್ರೆಯ ಮುಚ್ಚಳ ಮಗುಚಿ ಅದರಲ್ಲೇ ತಾರ್ತಾ ಮಾಡಿದಳು. ಮುಚ್ಚಳದ ಹಿಡಿಯಿಂದಾಗಿ ಅದು ಓವನ್ನಿನಲ್ಲಿ ವಾಲಿ, ಪಲ್ಯವೆಲ್ಲ ಒಂದು ಕಡೆಗೆ ಬಂದು ನಿಂತಿತು. ಅದನ್ನು ಯಾರಿಗೂ ಕೊಡುವ ಹಾಗಿರಲಿಲ್ಲ. ನಿಂತುಕೊಂಡು ತಾನೇ ತಿಂದಳು. ಇದ್ದ ಬಾಟಲಿಗಳಿಗೆಲ್ಲ ವಿನಿಗರ್, ಬೆಳ್ಳುಳ್ಳಿ ಹಾಕಿ ಕುಂಬಳದ ಉಪ್ಪಿನಕಾಯಿ ತುಂಬಿಸಿದಳು. ಅದನ್ನೂ ತಿನ್ನುವವರಿರಲಿಲ್ಲ.

ಫೆಬ್ರವರಿ ಬಂತು. ಒಂದು ಬೆಳಿಗ್ಗೆ ಅವಳು ಫ್ರೊಯ್ಲಾನನ ಮನೆಗೆ ಹೋದಳು. ಅವನು ಒಂಟಿ ಮನುಷ್ಯ, ಮದುವೆಯಾದವನಲ್ಲ. ಅಂಗಳದಲ್ಲಿ ಹಂದಿಗೆ ಹಾಕಲು ಕುಂಬಳ ಕೊಚ್ಚುತ್ತಿದ್ದವನು ಅವಳನ್ನು ಕಂಡು ಎದ್ದು ನಿಂತ. ಅವಳ ಕೈ ನೋಡಿದ.

"ಏನೂ ತಂದಿಲ್ಲ ತಾನೆ ಎಲ್ಬಿಯಮ್ಮ?"

"ಇಲ್ಲ."

"ಸದ್ಯ. ಕೂತ್ಕೊಳ್ಳಿ."

ಕೂರಲು ಹೋದವಳಿಗೆ ತನ್ನ ಕೇಕಿನ ಅಚ್ಚು ಕಾಣಿಸಿತು. ಕೋಳಿಗಳು ಅದರಲ್ಲಿ ನೀರು ಕುಡಿಯುತ್ತಿದ್ದವು.

"ಅದು ನನ್ನ ಅಚ್ಚು."

"ನಿಮ್ಮದೇ. ನೀವೇ ಕೊಟ್ರಲ್ಲ."

"ಕೇಕು ಕೊಟ್ಟೆ. ಅಚ್ಚು ಕೊಟ್ನಾ?"

"ಅಚ್ಚಿನ ಸಮೇತ ಅಂದ್ಕೊಂಡೆ."

"ಅಚ್ಚಿನ ಸಮೇತ ಯಾರಾದ್ರೂ ಕೊಡ್ತಾರಾ ಫ್ರೊಯ್ಲಾನ್?"

"ನಂಗೇನ್ ಗೊತ್ತು. ನಂಗೆ ಯಾರೂ ಏನೂ ಕೊಟ್ಟೋರಿಲ್ಲ, ಗೊತ್ತಾಗೋಕೆ." ಅವನು ಕೋಳಿಗಳನ್ನು ಓಡಿಸಿ, ನೀರು ಚೆಲ್ಲಿ, ಅಚ್ಚನ್ನು ಪ್ಯಾಂಟಿಗೆ ಒರೆಸಿ ಕೊಟ್ಟ. "ಕೇಕು ಚೆನ್ನಾಗಿತ್ತು. ಕುಂಬಳ ಅಂತ ಹೇಳ್ದೆ ಇದ್ದಿದ್ರೆ ಇನ್ನೂ ಚೆನ್ನಾಗಿರೋದು."

ಅವಳು ನಗಲಿಲ್ಲ. "ಬೇರೆಯವರೂ ತಟ್ಟೆ ತಂದಿಲ್ಲ," ಎಂದಳು.

ಫ್ರೊಯ್ಲಾನ್ ಮತ್ತೆ ಕೂತು ಕೊಚ್ಚತೊಡಗಿದ. ಮಾತನ್ನು ಸುತ್ತಿ ಬಳಸಿ ಆಡುವುದು ಅವನಿಗೆ ಬರುತ್ತಿರಲಿಲ್ಲ.

"ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಬಟ್ಟೆ ಮುಚ್ಚಿದ ತಟ್ಟೆ ಹಿಡ್ಕೊಂಡು ಬದು ಮೇಲೆ ಬರೋದು ಕಂಡ್ರೆ ಈ ರಸ್ತೆ ಹೆಂಗಸ್ರು ಕಿಟಕಿ ಹಾಕ್ಕೋತಾರೆ. ಲಾರಿಯವನ ಹೆಂಡ್ತಿ ಮೊನ್ನೆ ಕೋಳಿಗೂಡಲ್ಲಿ ಬಚ್ಚಿಟ್ಕೊಂಡಿದ್ಲು. ನಾನೇ ನೋಡ್ದೆ."

"ನನ್ನ ಕಂಡು ಬಚ್ಚಿಟ್ಕೊಂಡ್ಲಾ?"

"ನಿಮ್ಮನ್ನ ಕಂಡಲ್ಲ. ತಟ್ಟೇನ ಕಂಡು. ಎಲ್ರ ಮನೇಲೂ ಕುಂಬಳ ಕೊಳೀತಾ ಬಿದ್ದಿದೆ. ನೀವು ಅದನ್ನೇ ತಂದು ಕೊಡ್ತೀರ. ತಿಂದಾದ್ರೂ ತಿನ್ಬಹುದು. ಆಮೇಲೆ ಆ ತಟ್ಟೆಗೆ ಏನ್ ಹಾಕಿ ಕಳಿಸೋದು? ಇರೋದು ಕುಂಬಳ. ಗಂಡ ಸತ್ತ ಹೆಂಗಸಿಗೆ, ಅದೂ ಮನೆ ತುಂಬ ಕುಂಬಳ ಇಟ್ಕೊಂಡೋಳಿಗೆ, ಮತ್ತೆ ಕುಂಬಳ ಹಾಕಿ ಕೊಡೋದಾ? ಗೇಲಿ ಮಾಡ್ದಂಗಾಗುತ್ತೆ. ಹಾಗಾಗಿ ಒಂದೊಂದು ಮನೇಲೂ ನಿಮ್ಮ ತಟ್ಟೆ ಕೂತಿದೆ, ಸಾಲದವನು ಬಂದು ಕೂತಂಗೆ."

ಎಲ್ಬಿಯಾ ಅಚ್ಚು ಹಿಡಿದು ನಿಂತೇ ಇದ್ದಳು. "ಓರೆಸ್ತೆಸ್ ಇದ್ದಿದ್ರೆ ಹೇಳ್ತಿದ್ದ," ಎಂದಳು.

"ಹೌದು. ಅವನ ಬಾಯಿ ಹಾಗೇ ಇತ್ತು," ಎಂದ ಫ್ರೊಯ್ಲಾನ್.

ಆ ದಿನದಿಂದ ಅವಳು ಓವನ್ ಹಚ್ಚಲಿಲ್ಲ. ಕೊಯ್ದ ಕಾಯಿಗಳು ಅಡುಗೆಮನೆಯ ನೆಲದಲ್ಲಿ ರಾಶಿಯಾದವು, ಮೆತ್ತಗಾದವು, ವಾಸನೆ ಹೊಡೆದವು. ಬಾಗಿಲಿಗೆ ಓಡುವುದನ್ನೂ ಬಿಟ್ಟಳು. ಪಾರಿವಾಳ ಎದ್ದರೆ ಪಾರಿವಾಳ ಎಂದೇ ಗೊತ್ತಾಗುತ್ತಿತ್ತು. ರಸ್ತೆಯ ಹೆಂಗಸರು ತಟ್ಟೆಗೆ ಹೆದರಲಿ, ಲಾರಿಯವನ ಹೆಂಡತಿ ಕೋಳಿಗೂಡು ಸೇರಲಿ, ಅದಕ್ಕೆ ಅವಳಿಗೆ ಅಷ್ಟು ಬೇಸರವಾಗಲಿಲ್ಲ. ಸುಲ್ಮಾ ಬರಲಿಲ್ಲವಲ್ಲ, ಅದು ಚುಚ್ಚುತ್ತಿತ್ತು. ಸುಲ್ಮಾಳ ಇಬ್ಬರು ಮಕ್ಕಳ ಬಾಣಂತನದಲ್ಲಿ ನೀರು ಕಾಯಿಸಿದವಳು ಎಲ್ಬಿಯಾ. ಸುಲ್ಮಾಳಿಗೂ ತಟ್ಟೆಯೇ ದೊಡ್ಡದಾಯಿತೇ?

ಕಾಯುವುದು ಕೆಟ್ಟದ್ದು. ಕಾಯುವುದು ಮುಗಿದರೆ ಇನ್ನೂ ಕೆಟ್ಟದ್ದು ಎಂದು ಗೊತ್ತಿದ್ದೂ ಅವಳು ಮುಗಿಸಲು ಹೊರಟಳು. ಹೋಗಿ ತಟ್ಟೆ ಕೇಳುವುದು ಎಂದು ನಿಶ್ಚಯಿಸಿದಳು. ಕೊಟ್ಟ ತಟ್ಟೆಯನ್ನು ಬಾಯಿಬಿಟ್ಟು ಕೇಳುವುದೆಂದರೆ ಆ ಮನೆಯ ಜೊತೆ ಹೋಗಿ ಬರುವುದು ಅಲ್ಲಿಗೆ ಮುಗಿಯಿತು ಎಂದೇ ಅರ್ಥ. ಹಾಗೆ ಕೇಳಿದ ಮೇಲೆ ಮಾತು ಬಿಟ್ಟ ಮನೆಗಳು ಆ ರಸ್ತೆಯಲ್ಲಿ ಇನ್ನೂ ಇದ್ದವು. ಅವಳು ಮುಖ ತೊಳೆದು, ಕಪ್ಪು ಲಂಗ ತೊಟ್ಟು, ಬೇಲಿಯ ಸಂದಿಯಲ್ಲಿ ನುಸುಳಿ ನಡೆದಳು.

ಸುಲ್ಮಾಳ ಗೇಟಿನಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ಸುಲ್ಮಾ ಕೈ ಒರೆಸಿಕೊಳ್ಳುತ್ತ ಬಂದಳು. ಬಾ ಎನ್ನಲಿಲ್ಲ.

"ಓಹೋ. ನಿಂಗೆ ಈ ದಾರಿ ಇನ್ನೂ ನೆನಪಿದ್ಯಾ?" ಎಂದಳು.

"ನನ್ನ ತಟ್ಟೆ ಕೊಡು ಸುಲ್ಮಾ."

ಸುಲ್ಮಾಳ ಮುಖ ಬಿಳಿಚಿಕೊಂಡಿತು. ಆಮೇಲೆ ಒಳಗೆ ಹೋದಳು. ಎಲ್ಬಿಯಾ ಹಿಂದೆಯೇ ಹೋದಳು. ಕಪಾಟಿನ ಮೇಲೆ ನೀಲಿ ಅಂಚಿನ ತಟ್ಟೆ ತೊಳೆದು, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಸುಲ್ಮಾ ಅದನ್ನು ಇಳಿಸಿದಳು, ಕೊಡಲಿಲ್ಲ, ಎದೆಗೆ ಒತ್ತಿಕೊಂಡು ನಿಂತಳು.

"ಖಾಲಿ ಕೊಡ್ಲಾ? ಸಾವಿನ ಮನೆಗೆ ಖಾಲಿ ತಟ್ಟೆ ಕೊಟ್ಟೋಳು ಅನ್ನಿಸ್ಕೊಳ್ಲಾ? ಇದನ್ನೇ ತಾನೇ ನೀನು ಬಯಸಿದ್ದು?"

"ತುಂಬಿಸಿ ತರೋಕೆ ಬೇಕಾದಷ್ಟು ದಿನ ಇತ್ತು."

"ತಂದಿದ್ದೆ."

"ಯಾವಾಗ ತಂದಿದ್ದೆ? ನಾನು ಮನೇಲೇ ಕೂತಿದ್ದೆ. ಎಲ್ಲೂ ಹೋಗಿಲ್ಲ."

"ಕೂತಿದ್ದೆ, ಗೇಟಿಗೆ ತಂತಿ ಬಿಗ್ದು ಕೂತಿದ್ದೆ." ಸುಲ್ಮಾಳ ದನಿ ಏರಿತು. "ಮನೇಲಿ ಇದ್ದ ಕೊನೇ ಹಿಟ್ಟು ಬಳ್ದು ಬಿಸ್ಕತ್ತು ಮಾಡ್ದೆ. ಒಂದೊಂದಕ್ಕೂ ಗಟ್ಟಿಗೆ ಕಾಸಿದ ಸಿಹಿಹಾಲು ಮೆತ್ತಿ ಜೋಡಿಸ್ದೆ. ತಟ್ಟೆ ತುಂಬ. ಎರಡೂ ಕೈಯಲ್ಲಿ ಹಿಡ್ಕೊಂಡು ಆ ಬಿಸಿಲಲ್ಲಿ ರಸ್ತೆ ಮೇಲೆ ಬಂದೆ. ನೋಡಿದ್ರೆ ತಂತಿ. ನಾಲ್ಕು ಸುತ್ತು. ಎರಡೂ ಕೈಯಲ್ಲಿ ತಟ್ಟೆ ಇದ್ರೆ ತಂತಿ ಬಿಚ್ಚೋದು ಹೆಂಗೆ? ಚಪ್ಪಾಳೆ ತಟ್ಟೋದು ಹೆಂಗೆ?"

"ಕೂಗಬಾರದಿತ್ತಾ?"

"ಸಾವಾದ ಮನೆ ಮುಂದೆ ನಿಂತು ಕೂಗೋದಾ? ನಾನೇನು ಮೀನು ಮಾರೋಳಾ?"

"ತಟ್ಟೆ ಕೆಳಗಿಟ್ಟು ತಟ್ಟಬೇಕಿತ್ತು."

"ನೆಲದ ಮೇಲಾ? ನಿಂಗೆ ತಂದಿದ್ದನ್ನ, ನಾಯಿಗಿಟ್ಟಂಗೆ?"

"ಹಿತ್ತಲ ಬೇಲಿ ಸಂದಿ ಇತ್ತಲ್ಲ. ನಾನ್ ಅಲ್ಲೇ ಓಡಾಡೋದು."

"ನೀನು ಓಡಾಡ್ತೀಯ, ನಿನ್ ಮನೆ. ನಾನು ಕಳ್ಳಿ ಥರ ಹಿಂದಿನಿಂದ ಬರ್ಲಾ? ಲಾರಿಯವನ ಹೆಂಡ್ತಿನೂ ಬಂದಿದ್ಲಂತೆ. ತಂತಿ ನೋಡಿ ಹೋದ್ಲು. ಎಲ್ಬಿಯಾಗೆ ಯಾರೂ ಬರೋದು ಬೇಡ ಅನ್ಸಿದೆ, ದುಃಖ, ಅವಳ ಪಾಡಿಗೆ ಬಿಡೋಣ ಅಂತ ಮಾತಾಡ್ಕೊಂಡ್ವಿ. ಬಿಟ್ವಿ."

ಎಲ್ಬಿಯಾಳಿಗೆ ಆಗ ನೆನಪಾಯಿತು. ಹೊರಡುವ ದಿನ ದಾರ್ದೊ ಗೇಟಿಗೆ ತಂತಿ ಸುತ್ತಿ, ತಾನು ಹಿತ್ತಲ ಬೇಲಿಯ ಸಂದಿಯಿಂದ ಹೋಗಿದ್ದ. ಒಂಟಿ ಹೆಂಗಸು ಅತ್ತಿಗೆ, ಇದನ್ನು ಬಿಚ್ಚಬೇಡಿ ಎಂದಿದ್ದ. ಹೂಂ ಎಂದಿದ್ದಳು. ಆಮೇಲೆ ಗೇಟಿನವರೆಗೆ ಹೋಗಿರಲೇ ಇಲ್ಲ. ಬ್ರೆಡ್ಡು ಬೇಕಿರಲಿಲ್ಲ, ಊರಿಗೆ ಹೋಗಬೇಕಿರಲಿಲ್ಲ. ಹಿತ್ತಲು, ಬದು, ಹಿತ್ತಲು. ಮನೆಯ ಒಳಗೆ ಕೂತು ಚಪ್ಪಾಳೆಗೆ ಕಿವಿಕೊಟ್ಟದ್ದೇ ಬಂತು.

"ದಾರ್ದೊ ಕಟ್ಟಿದ್ದು ಅದು," ಎಂದಳು.

"ನೀನು ಬಿಚ್ಚಬಹುದಿತ್ತು."

"ಹೂಂ."

ಸುಲ್ಮಾ ಇನ್ನೂ ತಟ್ಟೆಯನ್ನು ಹಿಡಿದೇ ಇದ್ದಳು.

"ಆ ಬಿಸ್ಕತ್ತು ಏನಾಯ್ತು?" ಎಂದು ಕೇಳಿದಳು ಎಲ್ಬಿಯಾ.

"ತಿಂದೆ."

"ಎಲ್ಲಾನೂ?"

"ಸಿಟ್ಟಲ್ಲಿ ತಿಂದೆ. ಇವರಿಗೂ ಒಂದೂ ಕೊಡ್ಲಿಲ್ಲ. ಎರಡು ದಿನ ಹೊಟ್ಟೆ ಸರಿ ಇರ್ಲಿಲ್ಲ."

ಎಲ್ಬಿಯಾಳ ತುಟಿ ಒಂದಿಷ್ಟು ಸಡಿಲವಾಯಿತು. ಅದು ನಗುವೋ ಏನೋ. ಅದೇ ಹೊತ್ತಿಗೆ ಕಣ್ಣಲ್ಲಿ ನೀರೂ ಬಂತು. ಮಣ್ಣು ಮಾಡಿದ ದಿನ ಬಂದಿರಲಿಲ್ಲ. ಸುಲ್ಮಾ ತಟ್ಟೆಯನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದಳು.

"ಕೂತ್ಕೋ. ಏನಾದ್ರೂ ತಿಂದ್ಯಾ?"

"ಇಲ್ಲ."

"ನಮ್ಮನೇಲಿ ಇರೋದು ಕುಂಬಳದ ಸಾರೇ."

"ಬೇಡ. ನನ್ ತಟ್ಟೆ ಇಲ್ಲೇ ಇರ್ಲಿ," ಎಂದಳು ಎಲ್ಬಿಯಾ. "ನಾಳೆ ನೀನೇ ತಗೊಂಡು ಬಾ."

"ಏನ್ ಹಾಕ್ಕೊಂಡು ಬರ್ಲಿ? ಹೇಳ್ದೆನಲ್ಲ, ಹಿಟ್ಟಿಲ್ಲ, ಮೊಟ್ಟೆ ಇಲ್ಲ."

"ಕುಂಬಳಾನೇ ಹಾಕ್ಕೊಂಡು ಬಾ. ಅವನು ಹಾಕಿದ್ದಲ್ಲದೆ ಬೇರೆ ಮನೇದು ಹೆಂಗಿದೆ ನೋಡೋಣ."

"ನಮ್ದು ನಿಮ್ದಕ್ಕಿಂತ ಚೆನ್ನಾಗಿದೆ."

"ನೋಡೋಣ."

ಮನೆಗೆ ಬರುವಾಗ ಅವಳು ಬದುವಿನ ಮೇಲೆ ಬರಲಿಲ್ಲ. ರಸ್ತೆ ಹಿಡಿದು ಬಂದು ತನ್ನ ಗೇಟಿನ ಮುಂದೆ ನಿಂತಳು. ತಂತಿ ಆಗಲೇ ತುಕ್ಕು ಹಿಡಿದಿತ್ತು. ದಾರ್ದೊ ಇಕ್ಕಳದಿಂದ ಬಿಗಿದಿದ್ದ, ಬರಿಗೈಗೆ ಬರಲಿಲ್ಲ. ಬೆರಳು ತರಚಿತು. ಹೊರಗೆ ನಿಂತು ತನ್ನದೇ ಮನೆಯನ್ನು ನೋಡಿದಳು. ಮುಂದಿನ ಕಿಟಕಿಗಳು ಮುಚ್ಚಿದ್ದವು. ಅಂಗಳದಲ್ಲಿ ಹುಲ್ಲು ಬೆಳೆದಿತ್ತು. ತಾನೇ ಆದರೂ ಈ ಗೇಟಿನಲ್ಲಿ ನಿಂತು ತಿರುಗಿ ಹೋಗುತ್ತಿದ್ದೆ ಎನಿಸಿತು. ರಸ್ತೆಯಲ್ಲೇ ಸುತ್ತು ಹಾಕಿ, ಹಿತ್ತಲಿನಿಂದ ಒಳಗೆ ಹೋಗಿ, ಇಕ್ಕಳ ತಂದು, ತಂತಿಯನ್ನು ಒಳಗಿನಿಂದ ಬಿಚ್ಚಿದಳು.

ಮರುದಿನ ಹತ್ತು ಗಂಟೆಯ ಹೊತ್ತಿಗೆ ಸುಲ್ಮಾ ಬಂದಳು. ಎರಡೂ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎಳೆಗುಂಬಳ, ಅದರ ಮೇಲೆ ಇಸ್ತ್ರಿ ಮಾಡಿದ ಬಟ್ಟೆ. ಗೇಟು ಪೂರ್ತಿ ತೆರೆದಿತ್ತು. ಆದರೂ ಅವಳು ಒಳಗೆ ಕಾಲಿಡದೆ ಅಲ್ಲೇ ನಿಂತು ಕೆಮ್ಮಿದಳು. ಎಲ್ಬಿಯಾ ಅಂಗಳದಲ್ಲೇ ಹುಲ್ಲು ಕೀಳುತ್ತಿದ್ದಳು.

"ಬಾ," ಎಂದಳು.

ಆ ಕುಂಬಳವನ್ನೇ ಇಬ್ಬರೂ ಹೆಚ್ಚಿದರು. ಹಿಟ್ಟು ಎಲ್ಬಿಯಾಳ ಮನೆಯಲ್ಲಿತ್ತು. ಸುಲ್ಮಾ ಹಾಳೆಯ ಅಂಚನ್ನು ಒತ್ತೊತ್ತಾಗಿ ಮಡಿಚುತ್ತಿದ್ದಳು. ಎಲ್ಬಿಯಾಳಿಗೆ ಅದು ಸರಿ ಬರಲಿಲ್ಲ. ಅವನಿಗೆ ದಪ್ಪ ಅಂಚೇ ಇಷ್ಟ ಎಂದು ಹೇಳಲು ಹೋಗಿ ನಿಲ್ಲಿಸಿದಳು. ತಾರ್ತಾ ಬೆಂದು ಬಂತು. ಸುಲ್ಮಾ ಎದುರಿನ ಕುರ್ಚಿಯಲ್ಲಿ ಕೂತಳು. ಯಾರ ಕುರ್ಚಿ ಎಂದು ಅವಳಿಗೆ ಗೊತ್ತಿತ್ತು, ಕೂರಲೇ ಎಂದು ಕಣ್ಣಲ್ಲೇ ಕೇಳಿ, ಉತ್ತರ ಬರುವ ಮೊದಲೇ ಕೂತಳು. ಎಲ್ಬಿಯಾ ಎರಡು ತುಂಡು ತಿಂದಳು.

"ನಮ್ ಕುಂಬಳ ಚೆನ್ನಾಗಿಲ್ವಾ?" ಎಂದಳು ಸುಲ್ಮಾ.

"ನೀರು ಜಾಸ್ತಿ," ಎಂದಳು ಎಲ್ಬಿಯಾ.

ಲಾರಿಯವನ ಹೆಂಡತಿ ಒಂದು ದಿನ ಅಲ್ಯೂಮಿನಿಯಂ ತಟ್ಟೆಯಲ್ಲಿ ಟೊಮೇಟೊ ತಂದಳು. ಅಕ್ಕತಂಗಿಯರು ಮಣ್ಣಿನ ತಟ್ಟೆಯನ್ನು ತಂದರು. ಅದರ ಅಂಚು ಸೀಳಿತ್ತು, ಹೇಗೆ ಸೀಳಿತೆಂದು ಅಕ್ಕ ಒಂದು ಹೇಳಿದರೆ ತಂಗಿ ಒಂದು ಹೇಳಿದಳು. ಫ್ರೊಯ್ಲಾನ್ ಒಮ್ಮೆ ಬರಿಗೈಯಲ್ಲಿ ಬಂದು, ಬಾಗಿಲಲ್ಲೇ ನಿಂತು, ಕೂರದೆ ಹೋದ. ತಟ್ಟೆಗಳೆಲ್ಲ ಮನೆ ಸೇರಿದವು. ಅವು ಸೇರಿದ ಮೇಲೆ ಬರುವವರಿಗೆ ಬರಲು ಕಾರಣವೂ ಉಳಿಯಲಿಲ್ಲ. ಸುಲ್ಮಾ ಗಂಡನ ಮಂಡಿ ಸರಿಯಿದ್ದ ದಿನ ಬರುತ್ತಾಳೆ. ಸರಿಯಿರುವ ದಿನಗಳು ಕಡಿಮೆ.

ಮಾರ್ಚ್ ಕೊನೆಗೆ ಗಿಡಗಳ ಎಲೆ ಬೆಳ್ಳಗಾದವು. ಮೇ ತಿಂಗಳ ಮೊದಲ ಹಿಮಕ್ಕೆ ಎಲ್ಲ ಕರಗಿ ಮಲಗಿದವು. ಎಲ್ಬಿಯಾ ಕಿತ್ತು ಒಂದು ಮೂಲೆಗೆ ಹಾಕಿದಳು. ಮುಂದಿನ ವರ್ಷಕ್ಕೆ ಬೀಜ ತೆಗೆದಿಡಲಿಲ್ಲ. ತೆಗೆದಿಡಬೇಕಿತ್ತೇನೋ ಎಂದು ಆಮೇಲೆ ಅನಿಸಿತು.

ಈಗ ಚಳಿಗಾಲ. ಕತ್ತಲಾದ ಮೇಲೆ ದಾರ್ದೊನ ಮಾತು ನೆನಪಾಗಿ ಅವಳು ಗೇಟಿಗೆ ತಂತಿ ಸುತ್ತುತ್ತಾಳೆ. ಬೆಳಗಾದರೆ ಮಾಟೆಗೆ ನೀರಿಡುವುದಕ್ಕೂ ಮೊದಲು, ಕೂದಲು ಬಾಚುವುದಕ್ಕೂ ಮೊದಲು, ಸ್ವೆಟರ್ ಹೊದ್ದು ಅಂಗಳಕ್ಕೆ ಇಳಿಯುತ್ತಾಳೆ. ಬೆರಳು ಮರಗಟ್ಟಿರುತ್ತದೆ, ತಂತಿ ಬೇಗ ಬಿಚ್ಚುವುದಿಲ್ಲ. ಬಿಚ್ಚಿ ಕಂಬಕ್ಕೆ ನೇತುಹಾಕುತ್ತಾಳೆ. ಕೈಯಲ್ಲಿ ತಟ್ಟೆ ಹಿಡಿದು ಬಂದವರಿಗೆ ತಳ್ಳಬೇಕಾಗದಿರಲಿ ಎಂದು ಗೇಟನ್ನು ಬೇಲಿಯವರೆಗೆ ಪೂರ್ತಿ ತೆರೆದು, ತಿರುಗಿ ಬರದ ಹಾಗೆ ಕೆಳಗೊಂದು ಇಟ್ಟಿಗೆ ಇಡುತ್ತಾಳೆ. ಅವಳ ಕೋಳಿಗಳು ರಸ್ತೆಗೆ ಹೋಗುತ್ತವೆ. ಅವುಗಳನ್ನು ಒಳಗೆ ಅಟ್ಟುತ್ತಾಳೆ. ರಸ್ತೆಯ ಎರಡೂ ಕಡೆ ಒಮ್ಮೆ ನೋಡಿ, ಒಳಗೆ ಹೋಗಿ, ನೀರಿಡುತ್ತಾಳೆ.